ಉಪ್ಪು ಹಾಕಿದ ದಿನ

ಎರಡು ವರ್ಷದಿಂದ ವಿಜಯಾ ಆ ಮನೆಯ ಉಪ್ಪಿನ ಪೊಲೀಸು. ಗಂಡ ದಾಮೋದರನ ಹೃದಯ ದುರ್ಬಲವಾಗಿ, ಕಾಲು ಬಾತು ನೀರು ತುಂಬತೊಡಗಿದಾಗ ಡಾಕ್ಟರು ಉಪ್ಪು ಬಂದ್ ಮಾಡಿಸಿದ್ದರು. ಅವತ್ತೇ ಅವಳು ಕಲ್ಲುಪ್ಪಿನ ಡಬ್ಬಿಯನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ ಇಟ್ಟು ಬೀಗ ಜಡಿದಳು. ಆ ಮಹಾರಾಯನೇನು ಕಮ್ಮಿಯೇ? ಮೈಸೂರಿನಿಂದ ಬಂದು ತಿರುವನಂತಪುರದಲ್ಲಿ ಮೂವತ್ತು ವರ್ಷ ರಾಕೆಟ್ಟಿನ ಲೆಕ್ಕ ಹಾಕಿದವನು, ವಾಕಿಂಗ್ ನೆಪದಲ್ಲಿ ಶಂಖುಮುಖದ ಕಡಲದಂಡೆಗೆ ಹೋಗಿ, ಅಲ್ಲಿನವರು ಕಪ್ಪಲಂಡಿ ಎನ್ನುವ ಉಪ್ಪುಗಡಲೆಯ ಪೊಟ್ಟಣ ಕಟ್ಟಿಸಿಕೊಂಡು, ಸಿಕ್ಕಿಬಿದ್ದು, ಹೆಂಡತಿಯ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದ. ಸಂಜೆ ಅವಳು ಹುರಿದು ಕೊಡುವ ಸಪ್ಪೆ ಕಡಲೆಬೀಜವನ್ನು, "ಇದನ್ನ ದನಾನೂ ಮೂಸಲ್ಲ ಕಣೇ," ಎಂದು ಗೊಣಗುತ್ತಲೇ ಖಾಲಿ ಮಾಡುತ್ತಿದ್ದ.

ಮೊನ್ನೆ ಕೊಚ್ಚಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದರು. "ಚೇಚಿ," ಎಂದರು ಮೆತ್ತಗೆ, ಅಕ್ಕಾ ಎನ್ನುವ ಹಾಗೆ. ಇನ್ನು ಪಥ್ಯಗಿಥ್ಯ ಏನೂ ಬೇಡ, ಅವರು ಕೇಳಿದ್ದು ಕೊಡಿ ಎಂದರು. ಅಷ್ಟೇ. ಗದರಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ, ಆ ಧಾರಾಳತನದಲ್ಲೇ ಅವಳಿಗೆ ಎಲ್ಲ ಅರ್ಥವಾಗಿಹೋಯಿತು. ಹೊರಗೆ ಬಂದು, "ಅದೇ ಮಾತ್ರೆ ಮುಂದುವರಿಸಿ ಅಂದ್ರು," ಎಂದು ಸುಳ್ಳು ಹೇಳಿದಳು. ವಾಪಸು ರೈಲಿನಲ್ಲಿ ದಾರಿಯುದ್ದಕ್ಕೂ, ಇವರಿಗೆ ಮಾತ್ರ ಗೊತ್ತಾಗದಿರಲಪ್ಪಾ ಎಂದು ದೇವರನ್ನು ಬೇಡಿಕೊಂಡಳು.

ಹಾಗೆ ಬೇಡಿಕೊಂಡವಳು ಮಾಡಿದ್ದೇನು ನೋಡಿ! ಮರುದಿನ ಮಧ್ಯಾಹ್ನ ಬೀರುವಿನ ಬೀಗ ತೆಗೆದಳು. ಬಿಸಿನೀರಿಗೆ ಕಲ್ಲುಪ್ಪು ಕರಗಿಸಿ ಬೀಜ ನೆನೆಹಾಕಿದಳು. ಸೋಸಿ, ಹಳೇ ಪಂಚೆಯ ಮೇಲೆ ಹರವಿ, ಫ್ಯಾನ್ ಹಾಕಿ ಆರಿಸಿದಳು. ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯುತ್ತ ಹೋದಂತೆ ಕೆಂಪು ಸಿಪ್ಪೆಯ ಮೇಲೆ ಉಪ್ಪು ತೆಳ್ಳಗೆ, ಬೆಳ್ಳಗೆ ಕೂತಿತು. ಪಾಪ, ಎರಡು ವರ್ಷ ಬಾಯಿ ಕಟ್ಟಿದ ಜೀವ, ಒಂದು ಹಿಡಿಯಾದರೂ ರುಚಿಯಾಗಿ ತಿನ್ನಲಿ ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಬೇರೇನೂ ಹೊಳೆಯಲೇ ಇಲ್ಲ.

ದಾಮೋದರ ಒಂದು ಬೀಜ ಬಾಯಿಗೆ ಹಾಕಿಕೊಂಡ. ಕಣ್ಣರಳಿತು.

"ಆಹಾ! ಉಪ್ಪು! ಏನೇ ಇದು, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದು ಒಂದು ಹಿಡಿ ಬಾಚಿಕೊಂಡ. ಆಮೇಲೆ ಆ ಕೈ ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದ.

"ಡಾಕ್ಟ್ರು ನಿನ್ನೊಬ್ಬಳನ್ನೇ ಯಾಕೆ ಒಳಗೆ ಕರೆದ್ರು?"

"ಏನಿಲ್ಲಾರೀ. ಕೈತಪ್ಪಿ ಉಪ್ಪು ಬಿತ್ತು."

"ನಿನ್ನ ಕೈ ತಪ್ಪುತ್ತೇನೇ?"

ವಿಜಯಾ ಅಲ್ಲೇ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಾಮೋದರ ಹಿಡಿಯಲ್ಲಿದ್ದ ಬೀಜವನ್ನೆಲ್ಲ ತಟ್ಟೆಗೆ ಸುರಿದು, ತಟ್ಟೆಯನ್ನು ಅವಳ ಕಡೆಗೆ ತಳ್ಳಿದ.

"ಇದು ಬೇಡ ಕಣೇ. ನಂಗೆ ಸಪ್ಪೇದೇ ಹುರಿದು ಕೊಡು," ಎಂದ. "ಕೊಟ್ಟು, ಬೈಯಿ. ಮೊದ್ಲಿನ ಹಾಗೆ ಬೈಯಿ ವಿಜೀ."

ಅವಳು ಬೈಯಲು ಬಾಯಿ ತೆರೆದಳು. ಒಂದು ಮಾತೂ ಬರಲಿಲ್ಲ.