ಅವಳಿಗೆ ಯಾರೂ ಮಾತು ಎತ್ತಿಕೊಡಬೇಡಿ

1

ಎಲ್ಲಿಂದ ಶುರು ಮಾಡಲಿ? ಬೆವರಿನಲ್ಲಿ ತೊಯ್ದು ಹಾಸಿಗೆಯ ಮೇಲೆ ಎದ್ದು ಕೂತ ಹೆಂಗಸಿನಿಂದಲೇ? ಹಾಗೇ ಬರೆದೆ. ಕಿಟಕಿ ಬರೆದೆ, ಅದಕ್ಕೊಬ್ಬ ಚಂದ್ರನನ್ನು ತೂಗುಹಾಕಿದೆ, ಅವಳ ಕಣ್ಣಲ್ಲೊಂದು ಹನಿ ಇಡಬೇಕು ಅನ್ನುವಷ್ಟರಲ್ಲಿ ಅವಳೇ ತಡೆದಳು.

"ನಾನ್ಯಾಕ್ರೀ ಅಳ್ತೀನಿ? ಸೆಕೆ ಆಗ್ತಿದೆ, ಅಷ್ಟೇ. ಆ ಚಂದ್ರನ್ನ ತೆಗೆದು ಒಂದು ಫ್ಯಾನ್ ಬರೀರಿ."

ಫ್ಯಾನ್ ಬರೆದೆ. (ಓದುಗರೇ, ಮೊದಲ ಪುಟದಲ್ಲೇ ಲೇಖಕಿ ಸೋತಿದ್ದಾಳೆ. ನೋಡಿಯೂ ನೋಡದ ಹಾಗಿರಿ.)

2

ಅವಳು ನಾಟಕದ ತಂಡವೊಂದರಲ್ಲಿ ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಹಿಂದೆ, ಕತ್ತಲಲ್ಲಿ, ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಮುಂದಿನ ಮಾತು ಎತ್ತಿಕೊಡುವುದು ಅವಳ ಕೆಲಸ. ತೊಡೆಯ ಮೇಲೆ ನಾಟಕದ ಪ್ರತಿ, ಕೈಯಲ್ಲಿ ಪುಟ್ಟ ಟಾರ್ಚು. ತಂಡದವರಿಗೆಲ್ಲ ಅವಳು ಪಿಸುಮಾತಕ್ಕ.

ಎತ್ತಿಕೊಡುವುದನ್ನು ಯಾರು ಬೇಕಾದರೂ ಕಲಿತಾರು. ಎತ್ತಿಕೊಡದೆ ಸುಮ್ಮನಿರುವುದು ಕಷ್ಟ. ರಂಗದ ಮೇಲೆ ಒಬ್ಬ ನಟ ಮಾತು ನಿಲ್ಲಿಸುತ್ತಾನೆ. ಮರೆತನೋ, ಬೇಕೆಂದೇ ನಿಂತನೋ? ನೀವು ಮುಖ ನೋಡುತ್ತೀರಿ. ಅವಳು ಕಾಲು ನೋಡುತ್ತಾಳೆ. ಮರೆತವನ ಹಿಮ್ಮಡಿ ನೆಲ ಬಿಟ್ಟು ತಡಕಾಡುತ್ತದೆ. ಬೇಕೆಂದೇ ನಿಂತವನ ಪಾದ ನೆಲ ಹಿಡಿದಿರುತ್ತದೆ. ಅಂಥವನಿಗೆ ಮಾತು ಎತ್ತಿಕೊಟ್ಟರೆ ಅವನ ಮೌನವನ್ನು ಕದ್ದ ಹಾಗೆ.

3

ಅವಳಿಗೆ ಮುಟ್ಟು ನಿಲ್ಲುವ ಕಾಲ. ಮನೆ ಹತ್ತಿರದ ಡಾಕ್ಟರು ಹಾರ್ಮೋನ್ ಮಾತ್ರೆ ತಗೊಳ್ಳಿ ಅಂದರು. ಯೋಚನೆ ಮಾಡ್ತೀನಿ ಅಂದದ್ದಕ್ಕೆ, ಇದರಲ್ಲಿ ಯೋಚನೆ ಮಾಡೋದೇನಿದೆ ಎಂದು ಸ್ಪೆಷಲಿಸ್ಟ್ ಬಳಿಗೆ ಕಳಿಸಿದರು. ಸ್ಪೆಷಲಿಸ್ಟ್ ಡಾಕ್ಟರಮ್ಮನ ಪೆನ್ನು, ಅವಳು ಕುರ್ಚಿ ಎಳೆದುಕೊಳ್ಳುವ ಮೊದಲೇ ಚೀಟಿಯ ಮೇಲೆ ಓಡುತ್ತಿತ್ತು.

"ನಮ್ಮಕ್ಕನಿಗೆ ಎದೇಲಿ ಗಂಟಾಗಿ ಆಪರೇಷನ್ ಆಗಿತ್ತು ಡಾಕ್ಟ್ರೇ. ನಾನು ಇದನ್ನ ತಗೋಬಹುದಾ?"

"ಈಗೆಲ್ಲ ತುಂಬಾ ಸೇಫ್ ಅಮ್ಮಾ. ನಿದ್ದೆ ಬರತ್ತೆ, ಮೂಳೆ ಗಟ್ಟಿ ಇರತ್ತೆ."

"ಅದಲ್ಲ, ಅಕ್ಕನ ವಿಷಯ..."

"ಮರೆವು ಶುರುವಾಗಿದೆ ಅಂತ ನೀವೇ ಹೇಳ್ತೀರಿ. ಕೆಲಸ ಉಳೀಬೇಕೋ ಬೇಡ್ವೋ? ನೆಕ್ಸ್ಟ್!"

(ಈ ಡಾಕ್ಟರಮ್ಮನಿಗೆ ಮೊದಲ ಕರಡಿನಲ್ಲಿ ವಜ್ರದ ಓಲೆ, ಕ್ರೂರ ನಗು, ಮಾತ್ರೆ ಕಂಪನಿಯವರು ಕೊಟ್ಟ ಕಾರು ಎಲ್ಲ ಬರೆದಿದ್ದೆ. ಪಿಸುಮಾತಕ್ಕ ಒಪ್ಪಲಿಲ್ಲ. "ಅವರು ಕೆಟ್ಟವರಲ್ಲ. ಹೊರಗೆ ಬೆಂಚು ತುಂಬಾ ಜನ ಕಾಯ್ತಿದ್ರು, ಅವರಿಗೆ ಅವಸರ. ನಿಮಗ್ಯಾಕೆ ಅವಸರ?" ಓಲೆ, ನಗು, ಕಾರು ಮೂರನ್ನೂ ವಾಪಸ್ ತೆಗೆದುಕೊಂಡೆ.)

4

ಇಲ್ಲಿ ಕಥೆಗೊಂದು ಪೆಟ್ಟು ಬೇಕಿತ್ತು. ನಾನು ಕೊಡುವ ಮೊದಲೇ ಬಿತ್ತು.

ರಿಹರ್ಸಲ್. ಮುದಿರಾಣಿಯ ಪಾತ್ರ ಮಾಡುವ ಹಿರಿಯ ನಟಿಗೆ ಮಾತು ತಪ್ಪಿತು. ಅದೇ ಹೊತ್ತಿಗೆ ಪಿಸುಮಾತಕ್ಕನ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬಿಸಿ ಏರಿತು. ಟಾರ್ಚಿನ ಬೆಳಕಿನಲ್ಲಿ ಅಕ್ಷರಗಳು ಇದ್ದವು, ಮಾತು ಇರಲಿಲ್ಲ. ರಾಣಿ ಬಾಯಿ ತೆರೆದು ನಿಂತೇ ಇದ್ದಳು. ನಿರ್ದೇಶಕ ಹಣೆ ಚಚ್ಚಿಕೊಂಡ.

"ಅಕ್ಕಾ, ನೀವೇ ಮರೆತ್ರೆ ನಿಮಗೆ ಎತ್ತಿಕೊಡೋಕೆ ಯಾರನ್ನ ಕೂರಿಸ್ಲಿ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಪರ್ಸಿನೊಳಗಿನ ಆ ಚೀಟಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಆ ಕತ್ತಲೆಯ ಸ್ಟೂಲು ಬಿಟ್ಟರೆ ಅವಳದು ಅಂತ ಬೇರೆ ಜಾಗ ಇರಲಿಲ್ಲ.

5

ಗಂಡನ ಮಾತು ಬೇಡವೆಂದಿದ್ದೆ. ಬಾಗಿಲು ತಳ್ಳಿಕೊಂಡು ಬಂದ.

"ಡಾಕ್ಟರೇ ಹೇಳಿದ್ಮೇಲೆ ನಿಂದೇನೇ? ದಿನಾ ಫ್ಯಾನ್ ಫುಲ್ ಸ್ಪೀಡಲ್ಲಿಟ್ಟು ನನಗೆ ನೆಗಡಿ ಆಗಿದೆ. ನನಗೋಸ್ಕರ ಆದ್ರೂ ನುಂಗು."

"ನಿಮ್ಮ ನೆಗಡಿಗೆ ನಾನು ಮಾತ್ರೆ ನುಂಗ್ಬೇಕಾ?"

ಅವನು ಸೀನಿದ. ಅದಕ್ಕಿಂತ ಒಳ್ಳೆಯ ಸಂಭಾಷಣೆ ಅವನಿಗೆ ನಾನು ಬರೆಯಲಾರೆ.

ಆಮೇಲೆ ನಾನೇ ಅವಳ ಪಕ್ಕ ಕೂತೆ. "ತಗೊಂಡ್ಬಿಡಿ ಅಕ್ಕಾ. ನಾನೂ ತಗೊಳ್ತಿದೀನಿ, ಆರಾಮಾಗಿದೀನಿ. ಕಥೆಯೂ ಮುಂದಕ್ಕೆ ಹೋಗತ್ತೆ."

"ತಗೊಳ್ಳೋ ಮೊದ್ಲು ನೀವು ಡಾಕ್ಟರನ್ನ ಏನಾದ್ರೂ ಕೇಳಿದ್ರಾ?"

"ಕೇಳಿದೆ."

"ಉತ್ತರ ಕೊಟ್ರಾ?"

"ಕೊಟ್ರು."

"ನನಗೆ ಇನ್ನೂ ಕೊಟ್ಟಿಲ್ಲ." ಟಾರ್ಚನ್ನು ಒಮ್ಮೆ ಹೊತ್ತಿಸಿ ಆರಿಸಿದಳು. "ನೀವೂ ಆ ಡಾಕ್ಟರಮ್ಮನೂ ಒಂದೇ. ನಾನು ಕೂರೋಕ್ ಮುಂಚೆನೇ ಬರೆಯೋಕ್ ಶುರು ಮಾಡ್ತೀರಿ."

(ಈ ಜಾಗದಲ್ಲಿ ಲೇಖಕಿ ಎದ್ದು ಹೋಗಿ ನೀರು ಕುಡಿದು ಬಂದಳು.)

7

(ಆರು ಇಲ್ಲ. ಆರರಲ್ಲಿ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಣ್ಣಿನ ಬಾಳಿನ ಬಗ್ಗೆ ಉದ್ದ ಭಾಷಣ ಮಾಡುವುದಿತ್ತು. ಓದಿ ನೋಡಿ ಹರಿದು ನನ್ನ ಕೈಗೇ ಕೊಟ್ಟಳು.)

ಅದೇ ಕೋಣೆ, ಅದೇ ಪೆನ್ನು. ಡಾಕ್ಟರಮ್ಮ ತಲೆಯೆತ್ತದೆ ಕೇಳಿದರು: "ಶುರು ಮಾಡಿದ್ರಾ?"

ಅವಳು ಉತ್ತರಿಸಲಿಲ್ಲ.

"ಇವತ್ತಿಂದ ಮಾಡ್ತೀರಾ ಹಾಗಾದ್ರೆ."

ಅವಳು ಸುಮ್ಮನಿದ್ದಳು.

ಪಕ್ಕದಲ್ಲಿದ್ದ ಗಂಡ ಮೊಣಕೈಯಿಂದ ತಿವಿದ. "ಹ್ಞೂಂ ಅನ್ನೇ." ನಾನೂ ಎತ್ತಿಕೊಟ್ಟೆ: ಪ್ರಶ್ನೆ ಕೇಳಿ ಅಕ್ಕಾ, ಇಲ್ಲ ಎದ್ದು ಬನ್ನಿ, ಏನಾದರೂ ಮಾಡಿ! ಅಷ್ಟರಲ್ಲಿ ಆ ಬಿಸಿಯೂ ಏರಿತು. ಕುತ್ತಿಗೆ ಕೆಂಪಾಯಿತು, ಕೆನ್ನೆಯ ಪಕ್ಕ ಬೆವರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ತಪ್ಪು ಮಾಡಿದವಳ ಹಾಗೆ ಮುಜುಗರಪಟ್ಟು ಸೆರಗು ಬೀಸಿಕೊಳ್ಳಲೂ ಇಲ್ಲ.

ಪೆನ್ನು ಸ್ವಲ್ಪ ದೂರ ಓಡಿ, ತಡವರಿಸಿ, ನಿಂತಿತು. ಡಾಕ್ಟರಮ್ಮ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದರು.

"ಏನೋ ಕೇಳ್ತಿದ್ರಿ ಅಲ್ವಾ ಹೋದ್ಸಲ?"

"ನಮ್ಮಕ್ಕನ ವಿಷಯ."

"ಹೇಳಿ."

ಪೆನ್ನಿಗೆ ಕ್ಯಾಪು ಬಿತ್ತು. ಅಕ್ಕನಿಗೆ ಆಗ ಎಷ್ಟು ವಯಸ್ಸು, ಯಾವ ಥರದ ಗಂಟು, ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತೇ, ಎಲ್ಲ ಕೇಳಿದರು. ಆಮೇಲೆ ಕುರ್ಚಿಗೆ ಒರಗಿ ಹೇಳಿದರು: "ಇದನ್ನ ಮೊದ್ಲೇ ಕೇಳ್ಬೇಕಿತ್ತು ನಾನು. ಒಂದೆರಡು ಟೆಸ್ಟ್ ಮಾಡಿಸೋಣ. ಸೆಕೆಗೆ ಹಾರ್ಮೋನ್ ಇಲ್ಲದ ಮಾತ್ರೆಗಳೂ ಇವೆ. ಹಾರ್ಮೋನ್ ಬೇಕಾ ಬೇಡ್ವಾ, ಆಮೇಲೆ ನೀವೇ ಹೇಳಿ."

"ಟೆಸ್ಟ್ ಮಾಡಿಸ್ತೀನಿ. ಮಾತ್ರೆ ಈಗ ಬೇಡ. ಬೇಕು ಅನ್ನಿಸಿದ್ರೆ ನಾನೇ ಬಂದು ಕೇಳ್ತೀನಿ ಡಾಕ್ಟ್ರೇ, ನೀವು ಬಲವಂತ ಮಾಡೋ ಹಾಗಿಲ್ಲ."

"ಇಲ್ಲಮ್ಮಾ," ಎಂದು ಡಾಕ್ಟರಮ್ಮ ನಕ್ಕರು. ಗಂಡ ಸೀನಿದ.

ಹೊರಗಿನ ಕಾರಿಡಾರಿನಲ್ಲಿ ಅವಳು ನಡೆದ ರೀತಿಯನ್ನು ನೀವು ನೋಡಬೇಕಿತ್ತು. ನಾಟಕ ಮುಗಿದ ಮೇಲೆ ಪ್ರಾಂಪ್ಟರನ್ನು ಯಾರೂ ರಂಗಕ್ಕೆ ಕರೆಯುವುದಿಲ್ಲ. ಅವಳು ಮಾತ್ರ ಅವತ್ತು ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರ ಸಾಲಿನ ಮುಂದೆ, ತೊಯ್ದ ಕುಪ್ಪಸದಲ್ಲಿ, ತಲೆಯೆತ್ತಿ, ಚಪ್ಪಾಳೆ ಕೇಳಿಸಿಕೊಳ್ಳುವವಳ ಹಾಗೆ ನಡೆದಳು.

8

ಈಗ ಮುಕ್ತಾಯ. ಮೂರು ಬರೆದಿಟ್ಟಿದ್ದೇನೆ.

ಒಂದು: ಅವಳು ಮಾತ್ರೆ ಇಲ್ಲದೆಯೇ ಈ ಕಾಲವನ್ನು ದಾಟುತ್ತಾಳೆ. ("ದೇವಿ ಮಾಡ್ಬೇಡಿ ನನ್ನ.")

ಇನ್ನೊಂದು: ಮುಂದಿನ ವರ್ಷ ತಾನೇ ಹೋಗಿ ಮಾತ್ರೆ ಕೇಳಿ ಪಡೆದು ಚೆನ್ನಾಗಿ ನಿದ್ದೆ ಮಾಡುತ್ತಾಳೆ. ("ಮಾಡಿದ್ರೂ ಮಾಡಿಯೇನು. ನಿಮಗ್ಯಾಕೆ ಈಗ್ಲೇ ಹೇಳ್ಬೇಕು?")

ಮೂರನೆಯದನ್ನು ಓದಿ ತೋರಿಸುವ ಮೊದಲೇ ನಾಟಕ ಶುರುವಾಗುವ ಮೂರನೇ ಗಂಟೆ ಹೊಡೆದು, ಪರದೆ ಎದ್ದಿತು.

ಸ್ಟೂಲಿನ ಪಕ್ಕ ಈಗ ಸದ್ದಿಲ್ಲದ ಪುಟ್ಟ ಫ್ಯಾನ್. ತೊಡೆಯ ಮೇಲಿನ ಪುಟದಲ್ಲಿ ಪ್ರತಿ ಮಾತಿನ ಮೊದಲ ಪದಕ್ಕೂ ಕೆಂಪು ಗೆರೆ, ಬಿಸಿ ಏರಿದಾಗ ಕಣ್ಣಿಗೆ ಹಿಡಿದುಕೊಳ್ಳಲು. ರಂಗದ ಮೇಲೆ ಮುದಿರಾಣಿ ನಡುವೆಯೇ ಮಾತು ನಿಲ್ಲಿಸಿದಳು. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ನಿರ್ದೇಶಕ ಆಚೆ ಬದಿಯಿಂದ ಕೈಸನ್ನೆ ಮಾಡಿದ: ಎತ್ತಿಕೊಡಿ! ಪಿಸುಮಾತಕ್ಕ ರಾಣಿಯ ಪಾದ ನೋಡಿದಳು. ತುಟಿ ಬಿಚ್ಚಲಿಲ್ಲ. ಅವಳ ಕುತ್ತಿಗೆ ಮತ್ತೆ ಕೆಂಪಾಗುತ್ತಿತ್ತು.

ಪಿಸುಮಾತಕ್ಕನೇ ಮರೆತಳೇ? ನನಗೆ ಗಾಬರಿ. ಕೊನೆಯ ವಾಕ್ಯ ನನ್ನ ನಾಲಗೆಯ ತುದಿಯಲ್ಲಿದೆ, ಪಿಸುಗುಟ್ಟಿದರೆ ಸಾಕು.

ಅವಳು ಕತ್ತಲಿನಿಂದಲೇ ನನ್ನತ್ತ ಅಂಗೈ ಎತ್ತಿದಳು: ಸ್ವಲ್ಪ ತಾಳಿ.

ನಾನು ಅವಳ ಕಾಲು ನೋಡಿದೆ. ಪಾದ ನೆಲ ಹಿಡಿದಿತ್ತು.

ಪೆನ್ನಿಗೆ ಕ್ಯಾಪು ಹಾಕಿದೆ.