ಸಣ್ಣಿಯ ಕಿವಿಗೊಂದು ಪಿನ್ನು

ಧಾರೇಶ್ವರದ ತ್ರ್ಯಂಬಕ ಹೆಗಡೆಯವರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಕೇಳಿದವರು ಕುಮಟಾ ತಾಲ್ಲೂಕಿನಲ್ಲೇ ಇರಲಿಲ್ಲ. ಅರವತ್ತೈದನೆಯ ಇಸವಿಯಲ್ಲಿ ಮುಂಬಯಿಯಿಂದ ಟ್ರಾನ್ಸಿಸ್ಟರ್ ತರಿಸಿಕೊಂಡ ಮೇಲಂತೂ, ರೇಡಿಯೋ ಕಂಡುಹಿಡಿದದ್ದೇ ತಾವು ಎಂಬ ಹಾಗೆ ಓಡಾಡುತ್ತಿದ್ದರು. ನಾನು ರಮಾನಂದ, ಕುಮಟಾದಲ್ಲಿ ಗಡಿಯಾರ ರಿಪೇರಿಯವನು. ಗಡಿಯಾರದಲ್ಲಿ ಸಣ್ಣ ಸಣ್ಣ ಸಾಮಾನು ಇದೆ, ರೇಡಿಯೋದಲ್ಲೂ ಇದೆ, ಆದ್ದರಿಂದ ಎರಡೂ ನನಗೆ ಬರಬೇಕು ಎಂದು ಅವರೇ ತೀರ್ಮಾನಿಸಿದ್ದರು.

ನನ್ನ ಅಂಗಡಿ ಮುಂದೆ ಬಸಳೆ, ಹರಿವೆ ಮಾರುವ ಮುದುಕಿ ಸಣ್ಣಿ. ಅವಳೂ ಅವಳ ಗೆಳತಿ ಹೊನ್ನಿಯೂ ನಲವತ್ತು ವರ್ಷ ಜೋಡಿಯಾಗಿ ಹಾಡಿದವರು. ಸಣ್ಣಿ ಒಂದು ಸಾಲು ಎತ್ತಬೇಕು, ಅದೇ ಸಾಲನ್ನು ಹೊನ್ನಿ ತಿರುಗಿ ಹೇಳಬೇಕು. ಒಬ್ಬಳೇ ಹಾಡಿದರೆ ಅವರಲ್ಲಿ ಅದು ಹಾಡೇ ಅಲ್ಲ. ಆ ವರ್ಷ ಬೇಸಿಗೆಯಲ್ಲಿ ಧಾರವಾಡದ ಆಕಾಶವಾಣಿಯವರು ಬಂದು ಇಬ್ಬರ ಹಾಡನ್ನು ಯಂತ್ರದಲ್ಲಿ ಹಿಡಿದುಕೊಂಡು ಹೋದರು. ಕಡೆಯ ಸಾಲನ್ನು ಹೊನ್ನಿ ತಿರುಗಿ ಹೇಳಲೇ ಇಲ್ಲ, ಹೊರಗಿನವರೆದುರು ತನ್ನ ಮಾನ ಕಳೆದಳು ಎಂದು ಸಣ್ಣಿ ಅವತ್ತೇ ಜಗಳ ತೆಗೆದಳು. ಹೇಳಿದ್ದೇನೆ ಎಂದು ಹೊನ್ನಿ ಆಣೆ ಹಾಕಿದಳು. ಇಬ್ಬರೂ ಮಾತು ಬಿಟ್ಟರು. ಆಷಾಢದಲ್ಲಿ ಹೊನ್ನಿ ಜ್ವರ ಬಂದು ಸತ್ತಳು. ಆಮೇಲೆ ಸಣ್ಣಿಗೆ ತನ್ನ ಕಿವಿಯ ಮೇಲೇ ಅನುಮಾನ ಹುಟ್ಟಿತು, ಏಕೆಂದರೆ ಅಷ್ಟರಲ್ಲಿ ಬಸ್ಸಿನ ಹಾರ್ನೂ ಅವಳಿಗೆ ಕೇಳದಂತಾಗಿತ್ತು.

ದೀಪಾವಳಿ ಕಳೆದ ಭಾನುವಾರ ಮಧ್ಯಾಹ್ನ ಆ ಹಾಡು ರೇಡಿಯೋದಲ್ಲಿ ಬರುತ್ತದೆ ಎಂದು ಆಕಾಶವಾಣಿಯವರ ಕಾಗದ ಬಂತು. ಸಣ್ಣಿಯನ್ನು ಹೆಗಡೆಯವರ ಮನೆಗೆ ಕರೆದುಕೊಂಡು ಹೋದೆ.

“ಊರವ್ರು ಹೇಳದ್ದು ಬೇಡ ಒಡೆಯಾ, ನನ್ ಕಿವೀಲೇ ಕೇಳ್ಬೇಕು” ಎಂದಳು.

ನನ್ನ ಬಳಿ ಹಾಳಾದ ಜಪಾನಿ ರೇಡಿಯೋದ ಇಯರ್‌ಫೋನ್ ಒಂದಿತ್ತು. ಆ ರೇಡಿಯೋ ಬದುಕಿದ್ದಾಗ ಒಮ್ಮೆ ತಮಾಷೆಗೆ ಅದನ್ನು ಸಣ್ಣಿಯ ಕಿವಿಗೆ ಸಿಕ್ಕಿಸಿದ್ದೆ, ದನಿ ಕೇಳಿಸಿ ಅವಳು ಬುಟ್ಟಿ ಬಿಟ್ಟು ಎದ್ದು ನಿಂತಿದ್ದಳು. ಆದರೆ ಅದರ ಪಿನ್ನು ದಪ್ಪ, ಹೆಗಡೆಯವರ ಟ್ರಾನ್ಸಿಸ್ಟರಿನ ತೂತು ಸಣ್ಣ.

“ಅದಕ್ಕೆಂತ? ಅರ ತಗೊಂಡು ತಿಕ್ಕು ಮಾರಾಯ, ಸಣ್ಣ ಆಗ್ತದೆ” ಎಂದರು ಹೆಗಡೆಯವರು. ವಿಜ್ಞಾನ ಅಂದರೆ ಇದು! ಒಂದು ತುದಿಯಲ್ಲಿ ಸಣ್ಣ ಪಿನ್ನು, ಇನ್ನೊಂದು ತುದಿಯಲ್ಲಿ ದಪ್ಪ ಪಿನ್ನು ಹಿಡಿಸುವ ತೂತು ಇರುವ ಜೋಡುಪಿನ್ನು ಬೇಕು ಎಂದು ಹೇಳಿದೆ. “ಅದೇ ನಾ ಹೇಳಿದ್ದು” ಎಂದರು.

ಕುಮಟಾದ ಅಂಗಡಿಯವ ಇಸ್ತ್ರಿಪೆಟ್ಟಿಗೆಯ ಪಿನ್ನು ಕೊಟ್ಟ. ಹೊನ್ನಾವರದವ ತಂತಿ ಕತ್ತರಿಸಿ ಬೆಂಕಿಕಡ್ಡಿಯಿಂದ ಒತ್ತಿ ಕೂರಿಸಿ ಎಂದ. ಹೆಗಡೆಯವರೂ ನಾನೂ ಹೊಳೆ ದಾಟಿ ಆಚೆ ದಡದ ಕಾಸರಕೋಡಿನಲ್ಲಿ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆವು. ಉಪ್ಪುಗಾಳಿ ತಾಗೀತೆಂದು ಹೆಗಡೆಯವರು ಟ್ರಾನ್ಸಿಸ್ಟರನ್ನು ಮನೆಯಲ್ಲೇ ಕಂಬಳಿ ಹೊದಿಸಿ ಮಲಗಿಸಿದ್ದರು. ಅಳತೆಗೆಂದು ಅದರ ತೂತಿಗೆ ತೆಂಗಿನಗರಿಯ ಕಡ್ಡಿ ತೂರಿಸಿ, ಆಳಕ್ಕೆ ಉಗುರಿನ ಗುರುತು ಮಾಡಿ ತಂದಿದ್ದರು. ಇಡೀ ವ್ಯವಹಾರದಲ್ಲಿ ಬುದ್ಧಿಯ ಕೆಲಸ ಅದೊಂದೇ, ಅದೂ ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನದು.

ಭಟ್ಕಳದಲ್ಲಿ ಕೊಲಂಬೋ ಸಾಮಾನು ಮಾರುವ ಮೀರಾನ್ ಸಾಹೇಬರು ಬಿಸ್ಕತ್ತಿನ ಡಬ್ಬಿ ತುಂಬ ಪಿನ್ನು ಸುರಿದರು. ಹೆಗಡೆಯವರು ಎಲ್ಲಕ್ಕಿಂತ ಹೊಳೆಯುವುದನ್ನು ಎತ್ತಿಕೊಂಡರು. ಸಾಹೇಬರು ಅದನ್ನು ಮೆಲ್ಲನೆ ವಾಪಸು ತೆಗೆದುಕೊಂಡು, ಕಡ್ಡಿಗೆ ಹಿಡಿದು ಹಿಡಿದು ನೋಡಿ, ಮಂಕು ಕಪ್ಪಿನದೊಂದನ್ನು ಆರಿಸಿದರು.

“ಹೊಳೆಯೋದು ಎಂತಕ್ಕೆ ಹೆಗಡೇರೆ? ಕೂರೋದು ಬೇಕು. ಮತ್ತೆ, ಇದು ಹಾಕಿದ್ರೆ ಪೆಟ್ಟಿಗೆ ಬಾಯಿ ಬಂದ್. ಒಬ್ಬರ ಕಿವಿಗೆ ಮಾತ್ರ.”

“ಗೊತ್ತು, ಗೊತ್ತು” ಎನ್ನುತ್ತ ಹೆಗಡೆಯವರು ಆಗಲೇ ಬಸ್ಸಿನ ಕಡೆ ನಡೆದಿದ್ದರು.

ಎಷ್ಟು ಗೊತ್ತಿತ್ತೆಂದರೆ, ಭಾನುವಾರ ತಾಲ್ಲೂಕಿನ ಮಾಮಲೇದಾರರನ್ನೂ ಸೇರಿಸಿ ಮೂವತ್ತು ಜನರನ್ನು ಹಾಡು ಕೇಳಲು ಕರೆದಿದ್ದರು. ಜಗಲಿಯಲ್ಲಿ ಕುರ್ಚಿ, ಚಾಪೆ, ಪಾನಕ. ರೇಡಿಯೋದಲ್ಲಿ ಇಬ್ಬರ ಹೆಸರು ಹೇಳಿದರು. ಹೆಗಡೆಯವರು ಎದ್ದು ನಿಂತು, ಸಣ್ಣಿಯ ಕಿವಿಯಲ್ಲಿದ್ದ ಇಯರ್‌ಫೋನಿನ ಪಿನ್ನು ಸಿಕ್ಕಿಸಿದರು. ಟ್ರಾನ್ಸಿಸ್ಟರ್ ಬಾಯಿ ಮುಚ್ಚಿತು.

“ಬ್ಯಾಟರಿ ಹೋಯ್ತಾ?” ಎಂದರು ಮಾಮಲೇದಾರರು.

ಹೆಗಡೆಯವರ ಮುಖ ಕೆಂಪಾಯಿತು. ಪಿನ್ನು ಕೀಳಲು ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವರನ್ನು ಹೊಡೆಯುವಷ್ಟು ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಸಣ್ಣಿ ಕಿವಿಯಲ್ಲಿ ಬರುತ್ತಿದ್ದ ಹಾಡಿನ ಜೊತೆ ತಾನೂ ಹಾಡತೊಡಗಿದಳು. ಒಂದು ಸಾಲು ಹಾಡಿದಳು, ನಿಲ್ಲಿಸಿದಳು, ತಲೆ ಓರೆ ಮಾಡಿ ಕೇಳಿದಳು. ಮತ್ತೆ ಒಂದು ಸಾಲು, ಮತ್ತೆ ನಿಲುಗಡೆ. ನಮಗೆಲ್ಲ ಸಿಕ್ಕಿದ್ದು ಅರ್ಧ ಹಾಡು. ಹೆಗಡೆಯವರ ಕೈ ತಾನಾಗಿ ಸಡಿಲವಾಯಿತು. ಕಡೆಯ ಸಾಲು ಹಾಡಿ ಸಣ್ಣಿ ಎರಡೂ ಕೈಯಿಂದ ಕಿವಿ ಒತ್ತಿಕೊಂಡಳು. ಒಂದು ಸಾಲಿನಷ್ಟು ಹೊತ್ತು ಹಾಗೇ ಒತ್ತಿ ಹಿಡಿದುಕೊಂಡಿದ್ದಳು.

“ಹೊನ್ನಿ ಹೇಳಿತ್ತು ಒಡೆಯಾ” ಎಂದಳು. “ಪೂರಾ ಹೇಳಿತ್ತು. ಕೇಳದೇ ಇದ್ದದ್ದು ನಂಗೇಯ.” ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಇಯರ್‌ಫೋನನ್ನು ಕಿವಿಯಿಂದ ತೆಗೆದು, ಬಾಯಿಯ ಹತ್ತಿರ ಹಿಡಿದು, ಹೆಗಡೆಯವರ ಮುಖ ನೋಡಿದಳು.

“ಇದ್ರಲ್ಲಿ ನಾ ಮಾತಾಡಿದ್ರೆ ಹೊನ್ನಿಗೆ ಕೇಳ್ತದ್ಯಾ?”

ಹೆಗಡೆಯವರು ಒಮ್ಮೆ ಟ್ರಾನ್ಸಿಸ್ಟರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ನಂಗೆ ಗೊತ್ತಿಲ್ಲ ಸಣ್ಣಿ” ಎಂದರು.