ಎರಕದವರ ಬಾವುಟ

ಗುಡ್ರುನ್ ಕಪ್ಪು ಪಟ್ಟಿಗೆ ಮತ್ತೊಮ್ಮೆ ಇಸ್ತ್ರಿ ತಿಕ್ಕುತ್ತಿದ್ದಳು. ಪಟ್ಟಿ ಆಗಲೇ ನೆಟ್ಟಗಾಗಿತ್ತು. ಆದರೂ ಕೈ ನಿಲ್ಲುತ್ತಿರಲಿಲ್ಲ. ಕೈ ನಿಂತರೆ ತಲೆ ಓಡಲು ಶುರುಮಾಡುತ್ತದೆ ಎಂಬುದು ಗಂಡ ಸತ್ತ ಮೇಲಿನ ಈ ದಿನಗಳಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

"ಸುಟ್ಟುಹಾಕ್ತೀಯ ಅದನ್ನ. ಸಾಕು ಬಿಡೇ," ಎಂದಳು ಡಾಗ್ನಿ. ಡಾಗ್ನಿ ಸತ್ತವನ ತಂಗಿ. ಒಲೆಯ ಮುಂದೆ ನಿಂತು, ಹುರಿದ ಬೇರಿನ ಪುಡಿ ಬೆರೆಸಿದ ಕಾಫಿ ಕುದಿಸುತ್ತಿದ್ದಳು. ಅಣ್ಣ ದೇಶದ ಪ್ರಧಾನಿಯಾಗಿದ್ದರೂ ಯುದ್ಧಕಾಲದ ಆ ಕಹಿ ಕಾಫಿ ಈ ಮನೆ ಬಿಟ್ಟು ಹೋಗಿರಲಿಲ್ಲ. "ಅಷ್ಟಕ್ಕೂ ಅದು ಯಾರಿಗೆ?"

"ಎರಕದವರ ಬಾವುಟಕ್ಕೆ ಕಟ್ಟೋಕೆ."

"ಯಾವ ಎರಕದವರು? ಬರಲ್ಲ ಅಂತ ನಿನ್ನೆ ಸಭೆ ಸೇರಿ ಕೈಯೆತ್ತಿದ್ರಲ್ಲ, ಅವರಾ? ಹಾಳಾಗಿ ಹೋಗ್ಲಿ ಬಿಡು. ರಾಜನ ಕಡೆಯವರು ಬರ್ತಿದಾರೆ. ಕೋಪನ್‌ಹೇಗನ್‌ನಿಂದ ರೈಲು ತುಂಬ ಮಂತ್ರಿಗಳು ಬರ್ತಿದಾರೆ. ಮೂಲೆಮೂಲೆಯಿಂದ ಸಂಘದವರು ಬಾವುಟ ಹೊತ್ಕೊಂಡು ಬರ್ತಿದಾರೆ. ಆ ಒಂದು ತುಂಡು ಬಟ್ಟೆ ಬರದಿದ್ರೆ ಏನು ಮುಳುಗಿಹೋಗತ್ತೆ?"

ಗುಡ್ರುನ್ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು. "ಬರತ್ತೆ ಅಂತ ಅವನಿಗೆ ಹೇಳಿಬಿಟ್ಟಿದೀನಿ, ಡಾಗ್ನಿ."

ಡಾಗ್ನಿ ಕಾಫಿಯನ್ನು ಒಲೆಯಿಂದ ಇಳಿಸಿದಳು. ಆಸ್ಪತ್ರೆಯಲ್ಲಿ ಅವಳೂ ಇದ್ದಳು. ಲಕ್ವ ಹೊಡೆದು ಅಣ್ಣ ಲೌರಿಟ್ಸನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಸಂಸತ್ತಿನಲ್ಲಿ ಎದುರು ಪಕ್ಷದವರ ನೀರಿಳಿಸಿದ ಬಾಯಿ ಅದು. ಕೊನೆಗೆ ಅದು ತೊದಲಿದ್ದು ಒಂದೇ ಮಾತು: "ಬಾವುಟ ಬರತ್ತಾ?" ಗುಡ್ರುನ್ ಅವನ ಕೈ ಹಿಡಿದು, "ಬರತ್ತೆ ಕಣೋ, ಬರದೆ ಎಲ್ಲಿಗೆ ಹೋಗತ್ತೆ," ಅಂದಿದ್ದಳು. ಅಷ್ಟು ಕೇಳಿಸಿಕೊಂಡು ಅವನು ಕಣ್ಣು ಮುಚ್ಚಿದ. ಅವಳ ಮಾತು ನಂಬಿಕೊಂಡೇ ಹೋದ. ಈಗ ಅವಳನ್ನು ಒಳಗೊಳಗೇ ತಿನ್ನುತ್ತಿದ್ದುದು ಅದೇ.

*

ಆ ಬಾವುಟ ಹೊಲಿದವಳು ಗುಡ್ರುನ್ನೇ. ಮದುವೆಯಾದ ಹೊಸತು. ಕೆಂಪು ರೇಷ್ಮೆಯ ಮೇಲೆ ಬಂಗಾರದ ನೂಲಿನಲ್ಲಿ ಒಂದನ್ನೊಂದು ಹಿಡಿದ ಎರಡು ಕೈ. ಲೌರಿಟ್ಸ್ ಆಗ ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟಿ ಕಬ್ಬಿಣ ಹೊಯ್ಯುವ ಹುಡುಗ. ಪಕ್ಕದ ಅಚ್ಚಿನಲ್ಲಿ ಎವಾಲ್ಡ್. ಇಬ್ಬರೂ ಸಂಜೆ ಉಳಿದುಕೊಂಡು ಬಾವುಟಕ್ಕೆ ಒಂದು ಕೋಲು ಮಾಡಿದರು. ಬೀಚ್ ಮರದ ಕೋಲನ್ನು ಎವಾಲ್ಡ್ ಕೆತ್ತಿದ. ಅದರ ಹಿತ್ತಾಳೆಯ ತುದಿಯನ್ನು ಲೌರಿಟ್ಸ್ ಎರಕ ಹೊಯ್ದ. ತುದಿ ಸ್ವಲ್ಪ ವಾರೆಯಾಯಿತು.

"ಥೇಟ್ ನಿನ್ನ ಮೂಗಿನ ಹಾಗೇ ಬಂದಿದೆ ನೋಡೋ," ಎಂದು ಎವಾಲ್ಡ್ ನಕ್ಕ.

"ನಗು ನಗು. ನಾನು ಸತ್ತಾಗ ಇದನ್ನ ಹಿಡಿದು ಬಗ್ಗೋನು ನೀನೇ ತಾನೇ? ಆಗ ನೋಡ್ಕೊಂಡು ನಗು," ಎಂದ ಲೌರಿಟ್ಸ್. ಹಿಡಿದೇ ಹಿಡೀತೀನಿ ಎಂದು ಎವಾಲ್ಡ್ ನಗುತ್ತಲೇ ಅವನ ಕೈಗೆ ಕೈಯಿಟ್ಟ.

ಎರಕದವನೊಬ್ಬ ಸತ್ತರೆ ಅವರ ಕಾರ್ಮಿಕ ಸಂಘದ ಬಾವುಟ ಕಪ್ಪು ಪಟ್ಟಿ ಕಟ್ಟಿಕೊಂಡು ಸ್ಮಶಾನಕ್ಕೆ ಬರುತ್ತದೆ. ಪಾದ್ರಿ ಮೂರು ಸಲಿಕೆ ಮಣ್ಣು ಹಾಕಿದ ಮೇಲೆ, ಅದು ಮೂರು ಸಲ ಗುಂಡಿಯ ಮೇಲೆ ಬಾಗುತ್ತದೆ. ಸತ್ತವನು ಕುಡುಕನಾಗಿರಲಿ, ಹೆಂಡತಿಗೆ ಹೊಡೆಯುವವನಾಗಿರಲಿ, ಬಾವುಟ ಭೇದ ಮಾಡುವುದಿಲ್ಲ. ಅದು ಬಾಗದಿರುವುದು ಒಬ್ಬನಿಗೆ ಮಾತ್ರ. ಜೊತೆಯವರೆಲ್ಲ ಮುಷ್ಕರ ಹೂಡಿ ಹೊರಗೆ ನಿಂತಾಗ ಗೇಟು ದಾಟಿ ಒಳಗೆ ಹೋದವನಿಗೆ. ಅಂಥವನು ಊರಲ್ಲಿ ಹುಟ್ಟಿಯೇ ಇರಲಿಲ್ಲ ಎನ್ನುವಂತೆ ಮಣ್ಣು ಸೇರುತ್ತಾನೆ.

ಮುಂದೆ ಲೌರಿಟ್ಸ್ ಸಂಘದ ಅಧ್ಯಕ್ಷನಾದ, ಸಂಸತ್ತಿಗೆ ಹೋದ, ಯುದ್ಧ ಮುಗಿದ ಮೇಲೆ ಪ್ರಧಾನಿಯಾದ. ಮುದುಕರಿಗೆ ಪಿಂಚಣಿ ತಂದ, ಕಾರ್ಮಿಕರಿಗೆ ಬಿಸಿನೀರಿನ ನಲ್ಲಿಯಿರುವ ಮನೆ ಕಟ್ಟಿಸಿದ. ಊರಿಗೆ ಬಂದಾಗಲೆಲ್ಲ ಮೊದಲು ಸಂಘದ ಮನೆಗೆ ಹೋಗಿ, ಗಾಜಿನ ಕಪಾಟಿನಲ್ಲಿದ್ದ ಬಾವುಟ ನೋಡಿ ಆಮೇಲೆ ಮನೆಗೆ ಬರುತ್ತಿದ್ದ. "ಹೆಂಡತಿ ಮುಖಕ್ಕಿಂತ ಮೊದಲು ಆ ಬಟ್ಟೆ ಮುಖ ನೋಡ್ಬೇಕು ಇವನಿಗೆ," ಎಂದು ಗುಡ್ರುನ್ ರೇಗಿಸುತ್ತಿದ್ದಳು.

*

ಬಾಗಿಲು ತಟ್ಟಿದ್ದು ಪ್ರಧಾನಿ ಕಚೇರಿಯಿಂದ ಬಂದ ಕಾರ್ಯದರ್ಶಿ. ಟೋಪಿ ಕೈಯಲ್ಲಿ ಹಿಡಿದು, ಬೂಟಿಗಂಟಿದ ಸ್ಪ್ರೂಸ್ ಮರದ ಸೂಜಿಯೆಲೆಗಳನ್ನು ಹೊಸ್ತಿಲಲ್ಲೇ ಒರೆಸಿಕೊಂಡ. ಸಾವಿನ ಮನೆಯ ವಾಡಿಕೆಯಂತೆ ನೆರೆಯವರು ಬೆಳಿಗ್ಗೆಯೇ ಬಾಗಿಲಿನಿಂದ ಬೀದಿಯವರೆಗೆ ಸ್ಪ್ರೂಸ್ ಟೊಂಗೆ ಹರಡಿ ಹೋಗಿದ್ದರು. ಆದರೆ ಯಾರೂ ಒಳಗೆ ಬಂದಿರಲಿಲ್ಲ.

"ಒಂದು ಸೂಕ್ಷ್ಮ ವಿಷಯ," ಎಂದ ಅವನು. "ಗುಂಡಿಯ ತಲೆಯ ಕಡೆ ಎರಕದವರ ಬಾವುಟಕ್ಕೆ ಜಾಗ ಬಿಡೋದು ವಾಡಿಕೆ. ಅದು ಖಾಲಿ ಕಂಡರೆ ಪತ್ರಿಕೆಯವರು ಸುಮ್ಮನಿರಲ್ಲ. ಅಲ್ಲಿ ಪಕ್ಷದ ದೊಡ್ಡ ಬಾವುಟ ನಿಲ್ಲಿಸಿಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ. ತಾವು ಒಪ್ಪಿದರೆ."

"ಸ್ವಲ್ಪ ತಡೀರಿ," ಎಂದಳು ಗುಡ್ರುನ್. ಪಟ್ಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, ಸೈಕಲ್ ಹತ್ತಿ ಸಂಘದ ಮನೆಗೆ ಹೊರಟಳು. ಪ್ರಧಾನಿಯ ವಿಧವೆ ಗಂಡನ ಮಣ್ಣಿನ ದಿನ ಸೈಕಲ್ ತುಳಿದುಕೊಂಡು ಹೋಗುತ್ತಿದ್ದುದನ್ನು ಬೀದಿಯೆಲ್ಲ ಪರದೆಯ ಸಂದಿಯಿಂದ ನೋಡಿತು.

ಸಂಘದ ಮನೆಯಲ್ಲಿ ಅಧ್ಯಕ್ಷ ಫ್ರೋಡೆ ಇದ್ದ. ಲೌರಿಟ್ಸನೇ ಕೆಲಸ ಕಲಿಸಿ ಬೆಳೆಸಿದ ಆಳು. ಮೂಲೆಯ ಬೆಂಚಿನಲ್ಲಿ ಎವಾಲ್ಡ್ ತನ್ನ ಟೋಪಿ ನೋಡುತ್ತ ಕೂತಿದ್ದ. ಗಾಜಿನ ಕಪಾಟಿನಲ್ಲಿ ಬಾವುಟ ಸುತ್ತಿಟ್ಟಂತೆಯೇ ಇತ್ತು.

"ಕೂತ್ಕೊಳ್ಳಿ, ಗುಡ್ರುನ್."

"ಕೂರೋಕೆ ಬಂದಿಲ್ಲ ಫ್ರೋಡೆ. ಬೇಡ್ಕೊಳ್ಳೋಕೆ ಬಂದಿದೀನಿ."

ಫ್ರೋಡೆಯ ಮುಖ ಕೆಂಪಾಯಿತು. "ಈ ಸಲದ ಮುಷ್ಕರದಲ್ಲಿ ನನ್ನ ಮನೇಲಿ ಒಲೆ ಹಚ್ಚೋಕೆ ಏನೂ ಇರ್ಲಿಲ್ಲ. ನೀವು ಸೂಪಿನ ಪಾತ್ರೆ ತಂದು ಬಾಗಿಲಲ್ಲಿಟ್ಟು ಹೋದ್ರಿ. ನಾನದನ್ನ ಮರೆಯೋನಲ್ಲ. ಆದ್ರೆ ನಾವೆಲ್ಲ ಮತ ಹಾಕಿ ಬೇಡ ಅಂದ ಕೂಲಿ ಒಪ್ಪಂದಾನೇ ನಿಮ್ಮ ಗಂಡ ಕಾನೂನು ಮಾಡಿ ನಮ್ಮ ತಲೆಗೆ ಕಟ್ಟಿ, ಮುಷ್ಕರ ಮುರಿದ. ಕಾರ್ಖಾನೆ ಯಜಮಾನ ಮಾಡಿದ್ರೆ ಬೈಕೊಂಡು ಸುಮ್ಮನಾಗ್ತಿದ್ವಿ. ಮಾಡಿದ್ದು ನಮ್ಮವನೇ. ಒಬ್ಬ ಗೇಟು ದಾಟಿದ್ರೆ ಅವನಿಗೆ ಬಾವುಟ ಬಗ್ಗಿಸಲ್ಲ. ಇವನು ಇಡೀ ದೇಶದ ಕಾರ್ಮಿಕರನ್ನ ಒಂದು ಸಹಿಯಲ್ಲಿ ಗೇಟು ದಾಟಿಸಿದ. ನೀವೇ ಹೇಳಿ, ಏನಂತ ಕರೀಲಿ ಅವನನ್ನ?"

ಗುಡ್ರುನ್ ಗಾಜಿನ ಕಪಾಟಿನ ಮೇಲೆ ಕೈಯಿಟ್ಟಳು. "ಬಗ್ಗಿಸೋದು ಬೇಡ," ಎಂದಳು. "ಸುಮ್ನೆ ತಂದು ನಿಲ್ಲಿಸಿ. ಅಷ್ಟು ಸಾಕು. ಹೊಲಿದವಳು ಕೇಳ್ತಿದೀನಿ ಕಣಪ್ಪ, ಪ್ರಧಾನಿ ಹೆಂಡತಿ ಅಲ್ಲ."

"ಸಭೆ ಕೈಯೆತ್ತಿದ ಮೇಲೆ ನಾನ್ಯಾರು ಕೊಡೋಕೆ? ಆ ಪಾಠ ನಮಗೆ ಹೇಳಿಕೊಟ್ಟಿದ್ದೇ ಲೌರಿಟ್ಸ್."

ಅವಳು ಮೂಲೆಯ ಕಡೆ ತಿರುಗಿದಳು. "ಎವಾಲ್ಡ್, ನೀನಾದ್ರೂ ಬಾಯಿ ಬಿಡೋ."

ಎವಾಲ್ಡ್ ತಲೆಯೆತ್ತಲಿಲ್ಲ. "ನಾನೂ ಕೈಯೆತ್ತಿದೆ, ಗುಡ್ರುನ್."

"ಬೇಡ ಅಂತಾನಾ?"

"ಬೇಡ ಅಂತಾನೇ."

ಗುಡ್ರುನ್ ಜೇಬಿನಲ್ಲಿದ್ದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು ಹೊರಗೆ ಬಂದಳು. ಮನೆಗೆ ಬಂದವಳೇ ಕಾರ್ಯದರ್ಶಿಯ ಮುಖ ನೋಡದೆ, "ಏನು ಬೇಕಾದ್ರೂ ನಿಲ್ಲಿಸ್ಕೊಳ್ಳಿ," ಎಂದಳು.

*

ಕಾನೂನಾದ ಮರುದಿನ ಲೌರಿಟ್ಸ್ ಯಾರ ಮಾತೂ ಕೇಳದೆ ರೈಲು ಹತ್ತಿ ಊರಿಗೆ ಬಂದು, ನೇರವಾಗಿ ಕಾರ್ಖಾನೆಯ ಗೇಟಿಗೆ ಹೋಗಿದ್ದ. "ಬೈಯಲಿ, ಹೊಡೀಲಿ, ನಾನು ಎದುರಿಗೆ ನಿಲ್ಲಬೇಕು," ಅಂದಿದ್ದ. ಯಾರೂ ಬೈಯಲಿಲ್ಲ. ಪಾಳಿ ಮುಗಿಸಿ ಬಂದವರು ಒಬ್ಬೊಬ್ಬರಾಗಿ ಅವನಿಗೆ ಬೆನ್ನು ತಿರುಗಿಸಿ ನಿಂತರು. ಎವಾಲ್ಡನೂ ನಿಂತ. ಲೌರಿಟ್ಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಆ ಬೆನ್ನುಗಳ ಮುಂದೆ ಬಹಳ ಹೊತ್ತು ನಿಂತಿದ್ದು ಮನೆಗೆ ಬಂದ.

"ಹಡಗುಗಳೆಲ್ಲ ನಿಂತಿದ್ವು ಗುಡ್ರುನ್," ಎಂದ, ತಟ್ಟೆಯಲ್ಲಿದ್ದ ರೊಟ್ಟಿ ಮುಟ್ಟದೆ. "ಮುಷ್ಕರ ಇನ್ನೊಂದು ವಾರ ಹೋಗಿದ್ರೆ ಸರ್ಕಾರ ಬೀಳ್ತಿತ್ತು. ಆಮೇಲೆ ಬರೋರು ಮೊದಲು ಕತ್ತರಿ ಹಾಕೋದು ಮುದುಕರ ಪಿಂಚಣಿಗೆ."

"ಹಾಗಾದ್ರೆ ನೀನು ಮಾಡಿದ್ದು ಸರಿ ಅನ್ನು."

"ಗೊತ್ತಿಲ್ಲ ಕಣೇ. ಅವರು ಕೇಳಿದ್ದೂ ನ್ಯಾಯವಾಗೇ ಇತ್ತು. ನಾನು ಮಾಡಿದ್ದೂ ಮಾಡಲೇಬೇಕಾಗಿತ್ತು. ಎರಡೂ ನಿಜವಾದ್ರೆ ಮನುಷ್ಯ ಎಲ್ಲಿಗೆ ಹೋಗ್ಬೇಕು?"

ಆಗ ಅವಳು ಒಂದು ಒಳ್ಳೆಯ ಮಾತು ಆಡಬಹುದಿತ್ತು. ಆಡಲಿಲ್ಲ. ಸೂಪು ಕೊಡಲು ಹೋದಾಗ ನೋಡಿದ ಮಕ್ಕಳ ಮುಖಗಳು ಅವಳ ಕಣ್ಣ ಮುಂದಿದ್ದವು. "ಆ ಮನೆಗಳಿಗೆ ಹೋಗಿ ಹೇಳು ಇದನ್ನ," ಎಂದು ತಟ್ಟೆ ಎತ್ತಿಕೊಂಡು ಹೋದಳು. ಆ ದಿನ ಹಾಸಿಗೆಯಲ್ಲಿ ಅವಳೂ ಅವನಿಗೆ ಬೆನ್ನು ತಿರುಗಿಸಿಯೇ ಮಲಗಿದಳು. ಅವನು ಎದ್ದೇ ಇದ್ದಾನೆಂದು ಗೊತ್ತಿದ್ದೂ ಮಗ್ಗುಲಾಗಲಿಲ್ಲ.

ಅದಾದ ಮೇಲೆ ಅವನು ಹೆಚ್ಚು ದಿನ ಬಾಳಲಿಲ್ಲ.

*

ಸ್ಮಶಾನ ಕೆಂಪಾಗಿತ್ತು. ಫ್ಯೋರ್ಡ್ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಗೆ ಊರೂರಿನ ಸಂಘಗಳ ಕೆಂಪು ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಗುಂಡಿಯ ತಲೆಯ ಕಡೆ ಪಕ್ಷದ ದೊಡ್ಡ ಬಾವುಟ ನಿಂತಿತ್ತು. ಅದನ್ನು ಹಿಡಿದವನು ಕೋಪನ್‌ಹೇಗನ್‌ನವನು. ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಮಂತ್ರಿಗಳು ಮಾತಾಡಿದರು. ದೇಶಕ್ಕೆ ತುಂಬಲಾರದ ನಷ್ಟವೆಂದರು. ಗುಡ್ರುನ್ ಒಂದನ್ನೂ ಕೇಳಿಸಿಕೊಳ್ಳಲಿಲ್ಲ. 'ಬರತ್ತೆ ಅಂದೆ. ಕೊನೇ ಗಳಿಗೇಲೂ ನಿನಗೆ ಮೋಸ ಮಾಡಿ ಕಳಿಸಿದೆ,' ಎಂಬುದೊಂದೇ ಒಳಗೆ ಸುತ್ತುತ್ತಿತ್ತು.

ಗೋಡೆಯಾಚೆ ರಸ್ತೆಯಲ್ಲಿ ಎರಕದವರು ನಿಂತಿದ್ದರು. ಫ್ರೋಡೆಯೂ ಇದ್ದ. ಸತ್ತವನ ಗೌರವಕ್ಕೆಂದು ಒಬ್ಬರ ತಲೆಯಿಂದಲೂ ಟೋಪಿ ಇಳಿದಿರಲಿಲ್ಲ.

ಶವಪೆಟ್ಟಿಗೆ ಕೆಳಗಿಳಿಯಿತು. ಪಾದ್ರಿ ಸಲಿಕೆ ಎತ್ತಿಕೊಳ್ಳುವಷ್ಟರಲ್ಲಿ ಹಿಂದೆ ಏನೋ ಗುಜುಗುಜು. ಜನ ಪಕ್ಕಕ್ಕೆ ಸರಿದರು. ನಡುವೆ ಎವಾಲ್ಡ್ ಬರುತ್ತಿದ್ದ. ಬಾವುಟ ಹೊರುವವನು ಹಾಕುವ ಚರ್ಮದ ಪಟ್ಟಿ ಹೆಗಲಿಂದ ಇಳಿಬಿದ್ದಿತ್ತು. ಅದರಲ್ಲಿ ನೆಟ್ಟಗೆ ಕೋಲು. ಕೋಲಿನ ಮೇಲೆ ವಾರೆಯಾದ ಹಿತ್ತಾಳೆಯ ತುದಿ. ಬಾವುಟವಿರಲಿಲ್ಲ. ಬರೀ ಬೋಳು ಕೋಲು.

ಯಾರೋ ಕಿಸಕ್ಕನೆ ನಕ್ಕರು. ಕಾರ್ಯದರ್ಶಿ ಓಡಿಬಂದು ಎವಾಲ್ಡನ ತೋಳು ಹಿಡಿದ. "ಏನಯ್ಯಾ ಇದು? ಅವಮಾನ ಮಾಡೋಕೆ ಇದೇ ಜಾಗ ಸಿಕ್ತಾ?"

ಎವಾಲ್ಡ್ ಅವನ ಕಡೆ ನೋಡಲೇ ಇಲ್ಲ. "ಬಟ್ಟೆ ಸಂಘದ್ದು, ಗುಡ್ರುನ್," ಎಂದ. "ಅದಕ್ಕೆ ಬೇಡ ಅಂತ ಕೈಯೆತ್ತಿದೆ. ನಾಳೆ ಕೇಳಿದ್ರೂ ಎತ್ತೋನೇ. ಕೋಲು ನಮ್ಮಿಬ್ಬರದು. ಇದನ್ನ ಹಿಡ್ಕೊಂಡು ಬರ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೆ. ನೀನು ಹೋಗು ಅಂದ್ರೆ ಹೋಗ್ತೀನಿ."

ಅವಳಿಗೆ ಮೊದಲು ಉಕ್ಕಿದ್ದು ಸಿಟ್ಟು. ಮುಚ್ಚಿಟ್ಟದ್ದೆಲ್ಲ ಈಗ ಬೀದಿಗೆ ಬಿತ್ತು. ಈ ಕೋಲು ಗುಂಡಿಯ ಮೇಲೆ ಬಾಗಿದರೆ, ಲೌರಿಟ್ಸನ ಸ್ವಂತ ಜನ ಅವನನ್ನು ಕೈಬಿಟ್ಟರೆಂದು ನಾಳೆ ದೇಶಕ್ಕೆಲ್ಲ ಗೊತ್ತಾಗುತ್ತದೆ. ಹೋಗೆಂದರೆ ಗೌರವ ಉಳಿಯುತ್ತದೆ, ದೊಡ್ಡ ಬಾವುಟ ಚೆಂದವಾಗಿ ಬಾಗುತ್ತದೆ, ಎಲ್ಲ ಮುಗಿಯುತ್ತದೆ. ಫೋಟೋ ತೆಗೆಯುವವನೊಬ್ಬ ಆಗಲೇ ಮುಂದೆ ಬಂದು ಮೊಣಕಾಲೂರಿದ್ದ.

"ಹೋಗು ಅನ್ನೇ," ಎಂದು ಡಾಗ್ನಿ ಕಿವಿಯಲ್ಲಿ ಪಿಸುಗುಟ್ಟಿದಳು. "ಅಣ್ಣನ ಮರ್ಯಾದೆ ಉಳಿಸು."

ಗುಡ್ರುನ್ ಎವಾಲ್ಡನನ್ನು ನೋಡಿದಳು. ಅವತ್ತು ಗೇಟಿನಲ್ಲಿ ಬೆನ್ನು ತಿರುಗಿಸಿದವನು ಈಗ ಮುಖ ಕೊಟ್ಟು ನಿಂತಿದ್ದ. ಕಣ್ಣಲ್ಲಿ ನೀರಿತ್ತು, ಕ್ಷಮೆ ಇರಲಿಲ್ಲ. ಲೌರಿಟ್ಸನ ಪಾಲಿಗೆ ಈ ಊರಲ್ಲಿ ಉಳಿದದ್ದು ಇಷ್ಟೇ ಎಂದು ಅವಳಿಗೆ ಅರ್ಥವಾಯಿತು. ಇದಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ.

ಅವಳು ಪಕ್ಷದ ಬಾವುಟ ಹಿಡಿದವನ ಬಳಿ ಹೋದಳು. "ನೀವು ಸ್ವಲ್ಪ ಹಿಂದೆ ಸರೀರಪ್ಪ. ಈ ಜಾಗ ಎರಕದವರದು."

"ಅಮ್ಮಾ, ಎಲ್ಲರೂ ನೋಡ್ತಿದಾರೆ," ಎಂದ ಕಾರ್ಯದರ್ಶಿ.

"ನೋಡ್ಲಿ," ಎಂದಳು ಗುಡ್ರುನ್.

ಜೇಬಿನಿಂದ ಕಪ್ಪು ಪಟ್ಟಿ ತೆಗೆದಳು. ಬೆಳಿಗ್ಗೆಯೆಲ್ಲ ತಿಕ್ಕಿದ್ದು, ಹಿಸುಕಿ ಮುದ್ದೆಯಾಗಿತ್ತು. ಎವಾಲ್ಡ್ ಕೋಲನ್ನು ಅವಳ ಕೈಗೆಟುಕುವಷ್ಟು ವಾಲಿಸಿದ. ಹಿತ್ತಾಳೆಯ ತುದಿಯ ಕೆಳಗೆ ಎರಡು ಗಂಟು ಹಾಕಿದಳು.

ಪಾದ್ರಿ ಮೂರು ಸಲಿಕೆ ಮಣ್ಣು ಹಾಕಿದ. ಬಾವುಟಗಳೆಲ್ಲ ಒಟ್ಟಿಗೆ ಬಾಗಿದವು. ಕೋಲೂ ಬಾಗಿತು. ಮೊದಲನೆಯ ಸಲ ಸಲೀಸಾಗಿ ಮೇಲೆದ್ದಿತು. ಎರಡನೆಯ ಸಲ ಎವಾಲ್ಡ್ ವಯಸ್ಸಾದ ತೋಳುಗಳಿಂದ ತಿಣುಕಿ ಎತ್ತಿದ. ಮೂರನೆಯ ಸಲ ಅದು ಅವನ ಹಿಡಿತ ಮೀರಿ ಕೆಳಗೆ ಹೋಯಿತು. ತುದಿ ಪೆಟ್ಟಿಗೆಯ ಮುಚ್ಚಳಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

ಕೆಂಪು ಬಾವುಟಗಳು ಮೇಲೆದ್ದವು. ಗೋಡೆಯಾಚೆ ಟೋಪಿಗಳು ತಲೆಯ ಮೇಲೇ ಇದ್ದವು. ಎವಾಲ್ಡ್ ಹಲ್ಲು ಕಚ್ಚಿ ಎತ್ತಲು ನೋಡಿದ, ಆಗಲಿಲ್ಲ. ಗುಡ್ರುನ್ ಹೋಗಿ ಕೋಲಿಗೆ ತಾನೂ ಕೈ ಹಾಕಿದಳು. ಆದರೆ ಎತ್ತಲಿಲ್ಲ. ಇಬ್ಬರೂ ಅದನ್ನು ಹಾಗೇ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ನಿಂತರು. ಕೆಳಗೆ, ಗಾಳಿ ಬೀಸಿದಾಗಲೆಲ್ಲ ವಾರೆ ತುದಿ ಮುಚ್ಚಳದ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು.